ಲಿಬರೇಟರ್‌ನ ಮೂರನೆಯ ಪಿನ್ನು

೧೯೬೮ರ ಚಳಿಗಾಲ. ನಾನು ವಾಯುಪಡೆಯಲ್ಲಿ ಮೆಕ್ಯಾನಿಕ್. ವಯಸ್ಸು ಇಪ್ಪತ್ತೊಂದು, ಬುದ್ಧಿ ಅದಕ್ಕಿಂತ ಕಡಿಮೆ. ನಮ್ಮ ಕೈಯಲ್ಲಿದ್ದದ್ದು ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರ್. ಮಹಾಯುದ್ಧ ಮುಗಿದಾಗ ಪರದೇಶದವರು ಕೆಡಿಸಿ ಬಿಟ್ಟುಹೋಗಿದ್ದ ಇಂಥ ವಿಮಾನಗಳನ್ನು ನಮ್ಮವರು ರಿಪೇರಿ ಮಾಡಿ, ಸಮುದ್ರದ ಕಾವಲಿಗೆ ಸುಮಾರು ಇಪ್ಪತ್ತು ವರ್ಷ ಹಾರಿಸಿದ್ದರು. ಅಂದು ನಮ್ಮದರ ಕೊನೆಯ ಹಾರಾಟ. ಇಳಿದ ಮೇಲೆ ಅದನ್ನು ಒಡೆದು ಗುಜರಿಗೆ ಹಾಕುವವರಿದ್ದರು.

ನನ್ನ ಮೇಲಿನವರು ಸಾರ್ಜೆಂಟ್ ಮಲ್ಲಪ್ಪ, ಇಂಡಿ ಕಡೆಯ ಲಚ್ಯಾಣದವರು. ನಾನು ಸಿಂದಗಿ ತಾಲ್ಲೂಕಿನ ದೇವಣಗಾಂವದವನು. ಅವರ ನಿವೃತ್ತಿಗೆ ಒಂದೇ ತಿಂಗಳಿತ್ತು. ಸೇವಾ ಪುಸ್ತಕದಲ್ಲಿ ಒಂದು ಕಪ್ಪುಚುಕ್ಕೆಯೂ ಇರಲಿಲ್ಲ. ಬೆಳಿಗ್ಗೆ ಇಬ್ಬರೂ ವಿಮಾನದ ಕೆಳಗಿದ್ದಾಗ ಒಳಗೆ, ಬಾಂಬು ಕೋಣೆಯ ಕಿರಿದಾದ ಹಲಗೆಯ ಮೇಲೆ, ಯಾರೋ ನಿಧಾನವಾಗಿ ನಡೆದ ಸದ್ದಾಯಿತು.

"ಅಣ್ಣಾರ, ಒಳಗ ಯಾರದಾರ್ರಿ?"

"ಯಾರೂ ಇಲ್ಲೋ ತಮ್ಮಾ. ಬಿಸಿಲಿಗೆ ತಗಡು ಕಾದ್ರ ಹಂಗ ಸಪ್ಪಳಾ ಮಾಡ್ತೈತಿ."

ಬಿಸಿಲೆಲ್ಲಿ ಬಂತು, ಮಂಜು ಮುಸುಕಿತ್ತು. ಹತ್ತಿ ನೋಡಿದೆ. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ನಿಂತ ವಿಮಾನದ ಚಕ್ರದ ಮೂರು ಕಾಲುಗಳು ಮಡಚದಂತೆ ಒಂದೊಂದಕ್ಕೂ ಪಿನ್ನು ಸಿಕ್ಕಿಸಿರುತ್ತಾರೆ. ಹಾರುವ ಮುನ್ನ ಮೂರನ್ನೂ ತೆಗೆದು ಕ್ಯಾಪ್ಟನ್‌ಗೆ ಎಣಿಸಿ ಕೊಡಬೇಕು. ನಾನು ಎರಡನ್ನು ಮಲ್ಲಪ್ಪನವರಿಗೆ ಕೊಟ್ಟು, ಒಂದನ್ನು ಜೇಬಿಗಿಳಿಸಿದೆ. ನಮ್ಮ ಮನೆಯಲ್ಲಿ ಎತ್ತು ಮಾರಿದರೆ ಅದರ ಹಗ್ಗವನ್ನು ಬಿಚ್ಚಿ ಉಳಿಸಿಕೊಳ್ಳುತ್ತಿದ್ದರು. ಕಟುಕರ ಕೈಗೆ ಹೋಗುವ ಇದರದೂ ಏನಾದರೂ ಉಳಿಯಲಿ ಎನ್ನಿಸಿತು. ಕೊನೆಯ ದಿನ ಯಾರು ಎಣಿಸುತ್ತಾರೆ ಎಂದುಕೊಂಡೆ.

ಕ್ಯಾಪ್ಟನ್ ಎಣಿಸಿದರು. "ಮೂರನೆಯದು ಎಲ್ಲಿ?" ಎಂದು ಹಿಂದಿಯಲ್ಲಿ ಕೇಳಿದರು. ಚಕ್ರದ ಕಾಲಲ್ಲಿ ಇರಲಿಲ್ಲ. ಒಳಗೆ ಕಂಟ್ರೋಲ್ ಕೇಬಲ್ಲಿಗೆ ಸಿಕ್ಕಿಬಿದ್ದಿದ್ದರೆ ಐದು ಜನರ ಪ್ರಾಣಕ್ಕೇ ಸಂಚಕಾರ. ಮಲ್ಲಪ್ಪನವರು ನನ್ನ ಮುಖ ನೋಡಿದರು. ಅವರಿಗೆ ಅರ್ಥವಾಯಿತು.

"ನಾನೇ ಕಳೆದೆ, ಸಾರ್," ಎಂದರು ಹಿಂದಿಯಲ್ಲೇ.

ಕ್ಯಾಪ್ಟನ್ ವಿಮಾನದ ಕೆಳಗೇ ನಿಂತು ದೂರು ಬರೆಯಲು ಕಾಗದ ತೆಗೆದರು. ನಾನು ಜೇಬನ್ನು ಒತ್ತಿ ಹಿಡಿದೆ. ಆಗ ಮತ್ತೆ ಹೆಜ್ಜೆ ಸದ್ದು. ಹಲಗೆಯುದ್ದಕ್ಕೂ ಬಂದು, ಸರಿಯಾಗಿ ನನ್ನ ತಲೆಯ ಮೇಲೆ ನಿಂತಿತು. ಕ್ಯಾಪ್ಟನ್ ಕೂಡ ಕತ್ತೆತ್ತಿದರು. ಹಾರಬೇಕಾದವರೆಲ್ಲ ಅವರ ಹಿಂದೆಯೇ ನಿಂತಿದ್ದರು.

ಪಿನ್ನು ತೆಗೆದು ಚಾಚಿದೆ. "ಎತ್ತಿನ ಹಗ್ಗಾ ಅಂತ ಇಟ್ಕೊಂಡಿದ್ನಿರಿ," ಎಂದು ಕನ್ನಡದಲ್ಲೇ ತೊದಲಿದೆ. ಮಲ್ಲಪ್ಪನವರು ಅದನ್ನು ಹಿಂದಿಯಲ್ಲಿ ತಿಳಿಸಿ ಹೇಳಿದರು. ಕ್ಯಾಪ್ಟನ್ ನಗಲಿಲ್ಲ. ಕಾಗದ ಹರಿದು, ನನಗೆ ಏಳು ದಿನ ಹೆಚ್ಚಿನ ಕೆಲಸ ಹಚ್ಚಿ, ವಿಮಾನ ಹತ್ತಿದರು. ಅದು ಮಂಜಿನಲ್ಲಿ ಕರಗಿತು.

ತಪ್ಪನ್ನು ಕೇಳುವ ಮುಂಚೆಯೇ ಒಪ್ಪಿಕೊಳ್ಳಬೇಕೆಂದು ನೌಕರಿ ನನಗೆ ಕಲಿಸಿತು. ನಿವೃತ್ತನಾಗಿ ಬಸವನ ಬಾಗೇವಾಡಿಯಲ್ಲಿ ಕುಳಿತು ಹೀಗೆ ಬರೆಯುವುದು ಸುಲಭ. ಮಲ್ಲಪ್ಪನವರು ಕೊನೆಯವರೆಗೂ ನನ್ನನ್ನು ಪ್ರಾಮಾಣಿಕ ಹುಡುಗ ಎಂದೇ ಹೊಗಳುತ್ತಿದ್ದರು. ಮೇಲೆ ಯಾರೂ ನಡೆಯದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ ಎಂದು ಅವರಿಗೆ ಹೇಳಲು ನನಗೆ ಧೈರ್ಯ ಬರಲೇ ಇಲ್ಲ.