ಮೂರು ಕೂಸಿಗೆ ಒಂದೇ ಕೂಲಿ

ಮಾಸೂರಿನ ಹೊನ್ನವ್ವ ಗಂಡ ಸತ್ತ ಮೇಲೆ ಹಂಸಭಾವಿಯ ಕಾಳಿನ ವ್ಯಾಪಾರಿ ಪರಮೇಶಪ್ಪನ ಮನೆಗೆ ಕೂಸು ಆಡಿಸಲು ಬಂದಳು. ಆಗ ಅಲ್ಲಿದ್ದದ್ದು ಒಂದೇ ಮಗು, ನೀಲಾ. ಪ್ರತಿ ತಿಂಗಳು ಜೋಳ, ವರ್ಷಕ್ಕೊಂದು ಸೀರೆ ಎಂದು ಮಾತಾಗಿತ್ತು. ಯುದ್ಧದಿಂದ ಜೋಳದ ಬೆಲೆ ಏರಿದ ವರ್ಷವೇ ಸಾಹುಕಾರನ ಹೆಂಡತಿ ಸುಶೀಲವ್ವ ಅವಳಿ ಗಂಡುಮಕ್ಕಳನ್ನು ಹೆತ್ತಳು. ಪರಮೇಶಪ್ಪ ಓಣಿಗೆಲ್ಲ ಸಕ್ಕರೆ ಹಂಚಿದ. ಹೊನ್ನವ್ವನ ಜೋಳ ಮಾತ್ರ ಒಂದು ಹಿಡಿಯೂ ಹೆಚ್ಚಲಿಲ್ಲ.

ಅವಳಿಗಳು ಅಂಬೆಗಾಲಿಡುವ ಹೊತ್ತಿಗೆ ಅವಳೇ ಬಾಯಿಬಿಟ್ಟು ಕೇಳಿದಳು. "ಸಾವ್ಕಾರ್ರ, ಕೂಸು ಮೂರಾದ್ವು. ನನ್ನ ಪಗಾರದ್ದು ಹ್ಯಾಂಗ್ರಿ?"

"ಪಗಾರ ಮನಿ ಲೆಕ್ಕದಾಗ, ಕೂಸಿನ ಲೆಕ್ಕದಾಗ ಅಲ್ಲ. ಒಂದನ್ನ ನೋಡೂ ಕಣ್ಣ ಮೂರನ್ನೂ ನೋಡ್ತಾವ. ಮತ್ತ ಸಣ್ಣವು ಅರ್ಧ ಹೊತ್ತು ಮಲಗೇ ಇರ್ತಾವು."

ಇಂಥ ಮೇಧಾವಿಯ ಅಂಗಡಿಯಲ್ಲಿ ಒಂದು ಚೀಲ ಕೊಂಡವನಿಗೆ ಇನ್ನೆರಡು ಪುಕ್ಕಟೆ ಸಿಕ್ಕಿದ್ದನ್ನು ಯಾರೂ ಕಂಡಿಲ್ಲ.

ಸಾಲದ್ದಕ್ಕೆ, ಸರಕಾರಿ ಗುಮಾಸ್ತಿಕೆ ಮುಗಿಸಿ ಕುಳಿತಿದ್ದ ವೆಂಕಟೇಶರಾಯರನ್ನೂ ನ್ಯಾಯ ಹೇಳಲು ಕರೆಸಿದ. ರಾಯರು ಎರಡು ಕಪ್ ಚಹಾ ಕುಡಿದು, "ಕೂಸು ನೋಡ್ಕೊಳ್ಳೂದು ಪುಣ್ಯದ ಕೆಲಸರಿ. ಪುಣ್ಯಕ್ಕ ಯಾರರೆ ಕೂಲಿ ಕೇಳ್ತಾರೇನು?" ಎಂದರು. ಪಿಂಚಣಿ ತರಲು ಹಿರೇಕೆರೂರಿಗೆ ಹೋಗುವ ದಿನ ಈ ಪುಣ್ಯಾತ್ಮರು ಕೋಳಿಗಿಂತ ಮೊದಲೇ ಏಳುತ್ತಿದ್ದರು.

ಮರುದಿನ ಮುಂಜಾನೆ ಹೊನ್ನವ್ವ ಅವಳಿಗಳನ್ನು ತಂದು ಅಂಗಡಿಯ ಗಾದಿಯ ಮೇಲೆ ಕೂಡಿಸಿದಳು. "ನನ್ನ ಪಗಾರ ನೀಲಾಂದು. ನಾ ಅಕೀನ ನೋಡ್ತೇನಿ. ನಿಮ್ಮ ಕಣ್ಣ ಹ್ಯಾಂಗೂ ತಕ್ಕಡಿ ನೋಡ್ತಿರ್ತಾವು, ಇವನ್ನೂ ನೋಡ್ಲಿ" ಎಂದು ಹೇಳಿ ಒಳಗೆ ಹೋದಳು.

ಒಬ್ಬ ಗಾದಿ ತೋಯಿಸಿದ. ಇನ್ನೊಬ್ಬ ಹೆಸರುಕಾಳಿನ ಬುಟ್ಟಿ ಬೋರಲು ಹಾಕಿ, ಕಾಳು ಬಾಯಿಗೆ ತುರುಕಿಕೊಂಡ. ಅವನ ಬಾಯಿಗೆ ಬೆರಳು ಹಾಕಲು ಹೋದ ಸಾಹುಕಾರ ಕಚ್ಚಿಸಿಕೊಂಡು ಕೂಗಿದ. ಹಾನಗಲ್ಲಿನಿಂದ ಬಂದಿದ್ದ ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏ, ಇವನ್ನ ಒಳಗ ತಗೊಂಡ ಹೋಗ!" ಎಂದು ಹೆಂಡತಿಯನ್ನು ಕರೆದ.

ಸುಶೀಲವ್ವ ಬಾಗಿಲಲ್ಲೇ ನಿಂತು, "ಅರ್ಧ ಹೊತ್ತು ಮಲಗ್ತಾವು ಅಂದಿದ್ರೆಲ್ಲ? ಉಳಿದರ್ಧ ನೀವ ಆಡಸ್ರಿ" ಎಂದಳು.

ಮಧ್ಯಾಹ್ನದ ಹೊತ್ತಿಗೆ ಪರಮೇಶಪ್ಪನ ತತ್ವಜ್ಞಾನ ಮುಗಿದಿತ್ತು. ಕೂಸಿಗೊಂದು ಪಾಲಿನಂತೆ ಜೋಳ ಕೊಡಲು ಒಪ್ಪಿದ. ಹೊನ್ನವ್ವ ಸುಶೀಲವ್ವನತ್ತ ಕೈ ತೋರಿಸಿ ಇನ್ನೊಂದು ಮಾತು ಸೇರಿಸಿದಳು: "ಅಳತಿ ನಿಮ್ಮ ಕೈಯಾಗ ಬ್ಯಾಡ್ರಿ. ಅಕ್ಕಾರು ಅಳದು ಕೊಡ್ಲಿ."

ಹುಡುಗರು ಸಾಲೆಗೆ ಹೋಗುವವರೆಗೂ ಹಾಗೆಯೇ ನಡೆಯಿತು. ಆಮೇಲೆ ಅವಳು ಮಾಸೂರಿಗೆ ಮರಳಿ, ಆಡು ಸಾಕಿಕೊಂಡು ಯಾರ ಹಂಗಿಲ್ಲದೆ ಬದುಕಿದಳು. ಪರಮೇಶಪ್ಪ ಮಾತ್ರ, "ಪಾಪ, ವಿಧವಿ ಅಂತ ನಾನಾಗೇ ಹೆಚ್ಚಿಗಿ ಕೊಟ್ಟೆ" ಎಂದು ಸಾಯುವತನಕ ಹೇಳಿಕೊಂಡು ತಿರುಗಿದ.