ತಿಪ್ಪಕ್ಕನ ರವಿಕೆಯ ತೋಳು

ತಿಪ್ಪಕ್ಕನ ರವಿಕೆಯ ಎರಡು ತೋಳುಗಳು ಒಂದೇ ಥರ ಇದ್ದದ್ದನ್ನು ನಾನು ಕಂಡೇ ಇಲ್ಲ. ಎಡತೋಳಿನಲ್ಲಿ ನವಿಲು. ಬಲತೋಳಿನಲ್ಲೂ ನವಿಲೇ, ಆದರೆ ನೋಡಿದವರು ಕೋಳಿ ಎನ್ನುತ್ತಿದ್ದರು.

ಮೊಳಕಾಲ್ಮೂರಿನಲ್ಲಿ ಅವಳದು ನಮ್ಮ ಪಕ್ಕದ ಮನೆ. ಸೀರೆ ನೇಯ್ದು ಮುಗಿದ ಮೇಲೆ ಮಗ್ಗದಲ್ಲಿ ಒಂದೆರಡು ಮೊಳ ಎಳೆ ಉಳಿಯುತ್ತದೆ. ಬೇರೆಯವರು ಕತ್ತರಿಸಿ ಎಸೆಯುವ ಆ ತುದಿಯಲ್ಲಿ ಅವಳು ಹೊಸ ಬುಟ್ಟಾ ಚಿತ್ತಾರಗಳನ್ನು ನೇಯ್ದು ನೋಡುತ್ತಿದ್ದಳು. ಸರಿ ಬಂದದ್ದು ಸೀರೆಗೆ ಹೋಗುತ್ತಿತ್ತು. ಕೆಟ್ಟದ್ದು ರವಿಕೆಯ ತೋಳಾಗಿ ಅವಳ ಜೊತೆ ಸಂತೆಗೆ ಹೋಗುತ್ತಿತ್ತು.

ನಾನು ಪರಶುರಾಂಪುರದ ಶೇಂಗಾ ಹೊಲದಿಂದ ನಿಮ್ಮ ತಾತನನ್ನು ಮದುವೆಯಾಗಿ ಬಂದವಳು. ಅತ್ತೆ ನನಗೆ ಕೊಟ್ಟದ್ದು ನೂಲು ಸುತ್ತುವ ಕೆಲಸ. ಮಗ್ಗಕ್ಕೆ ಕೂರುವ ಆಸೆಯನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ತಿಪ್ಪಕ್ಕನಿಗೆ ಅದು ಹೇಗೋ ತಿಳಿದು, ತನ್ನ ಮಗ್ಗದ ಉಳಿದ ತುದಿಗೆ ನನ್ನನ್ನು ಕೂರಿಸಿದಳು.

"ಏನು ನೇಯ್ಲಿ ಅಕ್ಕಾ?"

"ನಿನ್ ಕೈಗೆ ಏನು ಗೊತ್ತೈತೋ ಅದು."

ನನ್ನ ಕೈಗೆ ಗೊತ್ತಿದ್ದದ್ದು ಶೇಂಗಾಕಾಯಿ ಒಂದೇ. ನೇಯ್ದೆ. ಸಾಲಾಗಿ ಹುಳ ಹರಿದಂತೆ ಬಂತು. ಅತ್ತೆ ನೋಡಿ, "ನೂಲು ಸುತ್ತೋದು ಬಿಟ್ಟು ಹುಳ ನೇಯ್ತಾಳಂತೆ! ಇನ್ಮೇಲೆ ಮಗ್ಗ ಮುಟ್ಬೇಡ" ಎಂದರು.

ಮುಂದಿನ ವಾರ ಒಂದು ಮದುವೆಗೆ ತಿಪ್ಪಕ್ಕ ಆ ಹುಳಗಳನ್ನೇ ತೋಳಿಗೆ ಹೊಲಿಸಿಕೊಂಡು ಬಂದಳು! ನಾನು ಕಂಬದ ಹಿಂದೆ ಸರಿದೆ.

"ಏನ್ ತಿಪ್ಪಕ್ಕಾ, ತೋಳ್ಮೇಲೆ ಕಂಬಳಿಹುಳ ಹತ್ತೈತಲ್ಲ!" ಎಂದು ಹೆಂಗಸರು ನಕ್ಕರು.

"ಶೇಂಗಾ ಕಣ್ರೇ. ಇನ್ನೂ ಬಲ್ತಿಲ್ಲ, ಅಷ್ಟೇ" ಎಂದವಳೇ ಅತ್ತೆಯ ಕಡೆ ತಿರುಗಿದಳು. "ಏನಮ್ಮಾ, ನಿನ್ ಸೊಸೆ ಬಿತ್ತಿದ್ದು. ಎಳೇದ್ರಲ್ಲೇ ಕಿತ್ತಾಕ್ತೀಯಾ?"

ಅತ್ತೆಗೂ ನಗು ತಡೆಯಲಾಗಲಿಲ್ಲ. "ಬಲಿಯೋವರ್ಗೂ ನೇಯ್ಲಿ ಬಿಡು" ಎಂದರು.

ಹನ್ನೊಂದು ತುಂಡು ಕೆಡಿಸಿದೆ. ಒಂದರಲ್ಲಿ ಶೇಂಗಾ ಸೌತೆಕಾಯಿಯಾಗಿತ್ತು. ಇನ್ನೊಂದರಲ್ಲಿ ಏನಾಗಿತ್ತೋ ನನಗೂ ತಿಳಿಯಲಿಲ್ಲ. ಕಡೆಗೆ ಕಾಯಿಯ ನಡುವೆ ಅತ್ತ ಎರಡು, ಇತ್ತ ಎರಡು ಎಳೆ ಬಿಟ್ಟು ನೋಡಿದೆ. ಕಾಯಿಗೆ ಸೊಂಟ ಬಂತು.

ವರ್ಷಗಳ ಮೇಲೆ ತಿಪ್ಪಕ್ಕ ಹಾಸಿಗೆ ಹಿಡಿದಾಗ, ಸೊಂಟ ಬಂದ ಶೇಂಗಾದ ರವಿಕೆಯೊಂದನ್ನು ಹೊಲಿಸಿಕೊಂಡು ಹೋದೆ. ಬೆರಳಾಡಿಸಿ ನೋಡಿದಳು.

"ಚೆನ್ನಾಗೈತೆ. ಇದು ಮಾರೋ ಬಟ್ಟೆ, ನಂಗ್ಯಾಕೆ? ಹೊಸದೇನು ಕೆಡಿಸ್ದೆ, ಅದನ್ ತೋರ್ಸು."

ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಮುಂದಿನ ಸಲ ಕೇಳಲು ಅವಳು ಇರಲಿಲ್ಲ.

ನಿನ್ನೆ ನೀವೆಲ್ಲ ನನ್ನ ತೋಳು ನೋಡಿ, "ಅಜ್ಜಿ, ಮೇಜು ಯಾಕೆ ನೇಯ್ದಿದ್ದೀಯಾ?" ಎಂದು ನಕ್ಕಿರಲ್ಲ, ಅದು ಕುರಿ. ಕಾಲು ಇನ್ನೂ ಸರಿ ಬಂದಿಲ್ಲ.