ಅಂಜಿನಯ್ಯನ ಎರಡನೇ ದೋಸೆ

ಅಂಜಿನಯ್ಯ ಇಪ್ಪತ್ತೊಂಬತ್ತು ವರ್ಷ ಸಿಟಿ ಬಸ್ಸು ಓಡಿಸಿದವನು. ಕೆಂಗೇರಿಯಿಂದ ಮೆಜೆಸ್ಟಿಕ್, ಮೆಜೆಸ್ಟಿಕ್‌ನಿಂದ ಕೆಂಗೇರಿ. ಎರಡು ಟ್ರಿಪ್ಪುಗಳ ನಡುವೆ ಊಟಕ್ಕೆ ಸಿಗುತ್ತಿದ್ದದ್ದು ಏಳೆಂಟು ನಿಮಿಷ; ಮೈಸೂರು ರಸ್ತೆ ಜಾಮ್ ಆದ ದಿನ ಅದೂ ಇಲ್ಲ. ಡಬ್ಬಿ ಬಿಚ್ಚಿ, ಮುದ್ದೆಯನ್ನು ನಾಲ್ಕೇ ತುತ್ತಿಗೆ ಇಳಿಸಿ, ನೀರು ಕುಡಿದು ಮತ್ತೆ ಸ್ಟಿಯರಿಂಗ್ ಹಿಡಿಯುತ್ತಿದ್ದ. ನಿವೃತ್ತನಾಗಿ ಎರಡು ವರ್ಷವಾದರೂ ಕೈ ಆ ಓಟ ಬಿಟ್ಟಿರಲಿಲ್ಲ.

ಹೆಂಡತಿಯನ್ನು ಹೋಟೆಲಿಗೆ ಕರೆದುಕೊಂಡು ಹೋದಾಗಲೂ ಅಷ್ಟೇ. ಅಕ್ಕಯ್ಯಮ್ಮ ಚಟ್ನಿಗೆ ಕೈಹಾಕುವಷ್ಟರಲ್ಲಿ ಇವನ ತಟ್ಟೆ ಖಾಲಿ. ಎದ್ದು ಕೈತೊಳೆದು ಕೌಂಟರಿನ ಪಕ್ಕ ನಿಂತುಬಿಡುತ್ತಿದ್ದ. ಅವಳು ಒಬ್ಬಳೇ ಕೂತು ಗಬಗಬನೆ ತಿನ್ನುತ್ತಿದ್ದಳು, ಕೆಲವು ಸಲ ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು. ಇದರಲ್ಲಿ ತಪ್ಪಿದೆ ಎಂದು ಅವನಿಗೆ ಹೊಳೆದಿರಲಿಲ್ಲ, ಅವಳೂ ಹೇಳಿರಲಿಲ್ಲ.

ಮಗಳು ಬಿಂದುಶ್ರೀಯ ಮದುವೆಯ ಮಾತಿಗೆಂದು ಹುಡುಗನ ಕಡೆಯವರು ಒಂದು ಭಾನುವಾರ ಸಂಜೆ ಇವರು ಮೂವರನ್ನೂ ವಿಜಯನಗರದ ಹೋಟೆಲಿಗೆ ಕರೆದರು. ಹುಡುಗ ಅರುಣ್ ಕುಮಾರ್, ಅವನ ತಂದೆತಾಯಿ, ಜೊತೆಗೆ ಅಜ್ಜಿ ಜಗದಾಂಬಾ. ಎಲ್ಲರೂ ಮುಗಿಸುವವರೆಗೆ ಏಳಬಾರದು ಎಂದು ಬಿಂದುಶ್ರೀ ಅಪ್ಪನಿಗೆ ಮನೆಯಲ್ಲೇ ಎರಡೆರಡು ಸಲ ಹೇಳಿದ್ದಳು.

ದೋಸೆ ಬಂತು, ಅಂಜಿನಯ್ಯನ ತಟ್ಟೆ ಎಂದಿನಂತೆ ಮೊದಲು ಬರಿದಾಯಿತು. ಏಳಹೋದವನು ಮಗಳ ಮುಖ ನೋಡಿ ಕೂತ. ಮಾಡಲು ಏನೂ ಇಲ್ಲದೆ ಬೇರೆಯವರು ತಿನ್ನುವುದನ್ನು ನೋಡತೊಡಗಿದ. ಒಬ್ಬೊಬ್ಬರಾಗಿ ಎಲ್ಲರದೂ ಮುಗಿಯಿತು, ಅಜ್ಜಿಯದೊಂದು ಬಿಟ್ಟು. ಅವರಿಗಿದ್ದದ್ದು ನಾಲ್ಕೈದು ಹಲ್ಲು. ಸೆಟ್ ದೋಸೆಯ ಚೂರನ್ನು ಸಾಗುವಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಬಾಯಿಗಿಡುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಇನ್ನೂ ಹಾಗೇ ಇತ್ತು. ಅಷ್ಟರಲ್ಲಿ ಸಪ್ಲೈಯರ್ ಬಂದು ಖಾಲಿ ತಟ್ಟೆಗಳನ್ನೆಲ್ಲ ಎತ್ತಿಕೊಂಡು ಹೋದ. ಅಜ್ಜಿ ಸುತ್ತ ಒಮ್ಮೆ ನೋಡಿ, ತಟ್ಟೆಯನ್ನು ಮುಂದಕ್ಕೆ ತಳ್ಳಿದರು.

"ಸಾಕು ಕಣಪ್ಪ. ಹೊಟ್ಟೆ ತುಂಬ್ತು."

ಆದರೆ ಬೆರಳು ತಟ್ಟೆಯ ಅಂಚಿನಲ್ಲೇ ಇತ್ತು. ಆ ಮುಖವನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು ಅಂಜಿನಯ್ಯನಿಗೆ. ಅದು ಕೌಂಟರಿನಿಂದ ತಿರುಗಿ ನೋಡಿದಾಗಲೆಲ್ಲ ಕಾಣುತ್ತಿದ್ದ ಅಕ್ಕಯ್ಯಮ್ಮನ ಮುಖ.

ಅವನು ಸಪ್ಲೈಯರನ್ನು ಕರೆದು ತನಗೆ ಇನ್ನೊಂದು ಸೆಟ್ ದೋಸೆ ಹೇಳಿದ. ಬಿಂದುಶ್ರೀ ಕಣ್ಣರಳಿಸಿದಳು.

"ಅಮ್ಮ, ಒಬ್ನೇ ತಿನ್ನೋಕೆ ನಂಗೆ ನಾಚಿಕೆ ಆಗುತ್ತೆ. ನೀವೂ ಸ್ವಲ್ಪ ಜೊತೆಗಿರಿ," ಅಂದ ಅಜ್ಜಿಗೆ.

ಅಜ್ಜಿ ಅವನನ್ನು ಒಂದು ಗಳಿಗೆ ನೋಡಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅವನಿಗೆ ಹಸಿವಿರಲಿಲ್ಲ. ಉಗುರಿನಷ್ಟು ಚೂರು ಮುರಿದು, ಅವರು ಒಂದು ತುತ್ತು ತಿಂದರೆ ತಾನೂ ಒಂದು ತಿಂದ. ಅವರು ಬಸ್ಸಿನ ಕಾಲದ ಸುದ್ದಿ ಕೇಳಿದರು, ಅವನು ಹೇಳಿದ. ಉಳಿದವರು ಒಂದೊಂದು ಕಾಫಿ ತರಿಸಿಕೊಂಡರು. ಅರ್ಧ ಗಂಟೆ ಹೋಯಿತು. ಮದುವೆ ವೈಶಾಖಕ್ಕೆ ಎಂದು ನಿಶ್ಚಯವಾಯಿತು.

ಅತ್ತಿಗುಪ್ಪೆ ಮೆಟ್ರೋವರೆಗೆ ನಡೆಯುತ್ತಾ ಅವನು ಅಕ್ಕಯ್ಯಮ್ಮನ ಪಕ್ಕಕ್ಕೆ ಬಂದ. ಮೆಲ್ಲಗೆ ಕೇಳಿದ.

"ನಿನ್ ಜೊತೆ ಒಂದ್ಸಲಾನೂ ಹಿಂಗೆ ಕೂತಿಲ್ಲ ಅಲ್ವಾ ನಾನು?"

"ಕೂತಿಲ್ಲ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವನಿಗೆ ಹೆಚ್ಚು ನಾಟಿತು.

ಆ ವಾರದ ಗುರುವಾರ ಅವಳನ್ನು ಚಂದ್ರಾ ಲೇಔಟಿನ ಒಂದು ಸಣ್ಣ ಹೋಟೆಲಿಗೆ ಕರೆದುಕೊಂಡು ಹೋದ. ನಿಧಾನವಾಗಿ ತಿನ್ನುವುದು ಸುಲಭವಾಗಲಿಲ್ಲ. ಮೂರನೇ ತುತ್ತಿಗೇ ಕೈ ಓಡಿತು. ನಿಲ್ಲಿಸಿ, ನೀರು ಕುಡಿದು, ಅವಳಿಗಾಗಿ ಕಾದ. ಅವಳಿಗೂ ಇದು ಹೊಸದು, ಮೊದಮೊದಲು ಮುಜುಗರಪಟ್ಟಳು. ಆಮೇಲೆ ತಾನಾಗಿಯೇ ಏನೇನೋ ಹೇಳತೊಡಗಿದಳು. ಚಿಕ್ಕವಳಿದ್ದಾಗ ಕೆಂಗೇರಿ ಕೆರೆ ಏರಿಯ ಮೇಲೆ ಸೈಕಲ್ ಹೊಡೆಯುತ್ತಿದ್ದಳಂತೆ. ಅಂಜಿನಯ್ಯ ಬೆರಗಾದ. ಇಷ್ಟು ವರ್ಷ ಜೊತೆಗಿದ್ದೂ ಇದು ಅವನಿಗೆ ಗೊತ್ತಿರಲಿಲ್ಲ.

"ಯಾರು ಕಲಿಸಿದ್ದು?"

"ಯಾರೂ ಇಲ್ಲ, ಮಾವನ ಸೈಕಲ್ ಕದ್ದು ಕಲಿತಿದ್ದು," ಅಂದು ಅಕ್ಕಯ್ಯಮ್ಮ ನಕ್ಕು, ವಡೆಯನ್ನು ಸಾಂಬಾರಿಗೆ ಅದ್ದಿದಳು. "ಇರಿ, ಹೇಳ್ತೀನಿ."